ವಸಂತ ಈಗ ಎಷ್ಟು ಎತ್ತರದಲ್ಲಿದೆ?

ವಸಂತ ಯಾವಾಗ ಬರುತ್ತದೆ ಎಂದು ಕೇಳಿದರೆ ಪಂಚಾಂಗ ಒಂದು ದಿನವನ್ನು ತೋರಿಸುತ್ತದೆ. ಎತ್ತರದ ಬೆಟ್ಟಸೀಮೆಯಲ್ಲಿ ಆ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿ ಕೇಳಬೇಕಾದದ್ದು, ವಸಂತ ಈಗ ಎಷ್ಟು ಎತ್ತರಕ್ಕೆ ಏರಿದೆ ಎಂದು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ತಗ್ಗಿನ ಕಣಿವೆಗಳಲ್ಲಿ ಹುಲ್ಲು ಬೆರಳುದ್ದ ಚಿಗುರಿರುತ್ತದೆ. ಅದೇ ದಿನ ಮೇಲಿನ ಪ್ರಸ್ಥಭೂಮಿಯಲ್ಲಿ ಕಾಲಿಟ್ಟರೆ ಹೂತುಹೋಗುವಷ್ಟು ಹಿಮ. ಇವೆರಡರ ನಡುವೆ ಎಲ್ಲೋ ಒಂದು ಗೆರೆ ಇದೆ: ಹಿಮ ಕರಗಿ ಹುಲ್ಲು ತಲೆ ಎತ್ತುವ ಗೆರೆ. ಅದು ದಿನೇ ದಿನೇ ಮೇಲಕ್ಕೆ ಸರಿಯುತ್ತದೆ. ಅದರ ಬೆನ್ನು ಹಿಡಿದು ಎಲ್ಕ್ ಎಂಬ ದೊಡ್ಡ ಜಿಂಕೆ ಮತ್ತು ಬೈಸನ್ ಎಂಬ ಕಾಡುದನ, ಅವುಗಳ ಬೆನ್ನು ಹಿಡಿದು ತೋಳ ಮತ್ತು ಕರಡಿ.

ಪ್ರಾಣಿ ನೋಡಲು ಹೋಗುವವರು ಸಾಮಾನ್ಯವಾಗಿ ಪ್ರಾಣಿಯನ್ನೇ ಹುಡುಕುತ್ತಾರೆ. ಮೊದಲು ಗೆರೆಯನ್ನು ಹುಡುಕಿದರೆ ಕೆಲಸ ಬಹಳ ಸಲೀಸು. ಡೇರೆ ಹಾಕಿಕೊಂಡು ನಾಲ್ಕು ದಿನ ಒಂದೇ ಕಡೆ ಉಳಿಯುವವರಿಗೆ ಆ ಗೆರೆ ಕಣ್ಣೆದುರೇ ಸರಿಯುವುದನ್ನು ನೋಡುವ ಅವಕಾಶವೂ ಇದೆ. ಒಂದು ಹಗಲು ಕಾರಿನಲ್ಲಿ ಸುತ್ತಿ ಹೋಗುವವರಿಗೆ ಅದು ಸಿಗುವುದಿಲ್ಲ.

ಮೆಟ್ಟಿಲು ಹತ್ತುವ ಋತು

ಎತ್ತರ ಹೆಚ್ಚಿದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿಯಲ್ಲಿ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್. ಇದರಿಂದ ಚಿಗುರು, ಹೂವು, ಕೀಟ ಎಲ್ಲವೂ ಮೇಲೆ ಹೋದಂತೆ ತಡವಾಗುತ್ತವೆ. ಎಷ್ಟು ತಡ ಎಂಬುದಕ್ಕೆ ಅಮೆರಿಕದ ಕೀಟವಿಜ್ಞಾನಿ ಆಂಡ್ರ್ಯೂ ಹಾಪ್‌ಕಿನ್ಸ್ 1918ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು. ಪ್ರತಿ 400 ಅಡಿ, ಅಂದರೆ ಸುಮಾರು 120 ಮೀಟರ್ ಏರಿದರೆ ವಸಂತ ನಾಲ್ಕು ದಿನ ಹಿಂದೆ ಬೀಳುತ್ತದೆ. ಸೂತ್ರ ಒರಟು; ಇಳಿಜಾರು ಯಾವ ದಿಕ್ಕಿಗಿದೆ, ಹಿಮ ಎಷ್ಟು ಬಿದ್ದಿತ್ತು ಎಂಬುದನ್ನು ಅದು ಕೇಳುವುದೇ ಇಲ್ಲ. ಆದರೂ ಲೆಕ್ಕ ಹಾಕಿ ನೋಡುವುದರಲ್ಲಿ ಒಂದು ಖುಷಿ ಇದೆ.

ಉದ್ಯಾನದ ಉತ್ತರದ ಅಂಚಿನಲ್ಲಿರುವ ಮ್ಯಾಮತ್ ಕ್ಯಾಂಪ್‌ಗ್ರೌಂಡ್ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಉದ್ಯಾನದ ಸರಾಸರಿ ಎತ್ತರ ಸುಮಾರು 2,400 ಮೀಟರ್. ವ್ಯತ್ಯಾಸ 500 ಮೀಟರ್. ಸೂತ್ರದ ಪ್ರಕಾರ ಹದಿನಾರು ದಿನ. ಇನ್ನೂ ಮೇಲೆ, 2,700 ಮೀಟರಿನಲ್ಲಿರುವ ಡನ್‌ರೇವನ್ ಕಣಿವೆದಾರಿಗೆ ವಸಂತ ತಲುಪಲು ಮ್ಯಾಮತ್‌ಗಿಂತ ಸುಮಾರು ನಾಲ್ಕು ವಾರ ಹೆಚ್ಚು ಬೇಕು. ಆ ದಾರಿಯಲ್ಲಿ ವಾಹನ ಸಂಚಾರ ಶುರುವಾಗುವುದು ಸಾಮಾನ್ಯವಾಗಿ ಮೇ ಕೊನೆಗೆ. ಹಿಮ ತೆಗೆಯುವ ಯಂತ್ರಗಳಿದ್ದರೂ ಅಷ್ಟು ಹೊತ್ತಾಗುತ್ತದೆ.

ಹಾಗಾಗಿ ಡೇರೆ ಎಲ್ಲಿ ಹಾಕಬೇಕು ಎಂಬುದನ್ನು ಬಹುಮಟ್ಟಿಗೆ ಋತುವೇ ತೀರ್ಮಾನಿಸುತ್ತದೆ. ಉದ್ಯಾನದಲ್ಲಿ 12 ಕ್ಯಾಂಪ್‌ಗ್ರೌಂಡ್‌ಗಳಿವೆ; ವರ್ಷವಿಡೀ ತೆರೆದಿರುವುದು ಮ್ಯಾಮತ್ ಒಂದೇ. ಉಳಿದವುಗಳಲ್ಲಿ ಹೆಚ್ಚಿನವು ಮೇ ಮತ್ತು ಜೂನ್‌ನಲ್ಲಿ ಒಂದೊಂದಾಗಿ ಬಾಗಿಲು ತೆಗೆಯುತ್ತವೆ. ರಸ್ತೆಯ ಕಥೆಯೂ ಇದೇ. ಗಾರ್ಡಿನರ್ ಊರಿನಿಂದ ಮ್ಯಾಮತ್ ಮೂಲಕ ಲಾಮಾರ್ ಕಣಿವೆ ದಾಟಿ ಕುಕ್ ಸಿಟಿಗೆ ಹೋಗುವ ಒಂದು ರಸ್ತೆ ಮಾತ್ರ ಸಾಮಾನ್ಯ ವಾಹನಗಳಿಗೆ ಚಳಿಗಾಲದಲ್ಲೂ ತೆರೆದಿರುತ್ತದೆ. ಇದು ಅನನುಕೂಲದಂತೆ ಕಾಣಬಹುದು. ವಾಸ್ತವದಲ್ಲಿ, ನಿಮಗೆ ಹೋಗಲು ಬಿಟ್ಟಿರುವ ಆ ಒಂದೇ ರಸ್ತೆ ಉದ್ಯಾನದ ತಗ್ಗಿನ, ಬೇಗ ಹಿಮ ಕರಗುವ ಭಾಗದಲ್ಲಿದೆ. ಏಪ್ರಿಲ್-ಮೇ ತಿಂಗಳಲ್ಲಿ ಪ್ರಾಣಿಗಳೂ ಅಲ್ಲೇ ಇರುತ್ತವೆ. ಹಸಿವಾದವರೆಲ್ಲ ಒಲೆಯ ಸುತ್ತ ಸೇರಿದ ಹಾಗೆ.

ಮ್ಯಾಮತ್‌ನ ಡೇರೆಗಳ ಎದುರಿಗೆ, ಗಾರ್ಡ್ನರ್ ನದಿಯ ಆಚೆ, ಎವರ್ಟ್ಸ್ ಬೆಟ್ಟ ಗೋಡೆಯಂತೆ ನಿಂತಿದೆ. ಕಾಫಿ ಲೋಟ ಹಿಡಿದುಕೊಂಡು ಆ ಬೆಟ್ಟವನ್ನು ಗಡಿಯಾರದಂತೆ ಓದಬಹುದು. ಬಿಸಿಲು ಬೀಳುವ ಇಳಿಜಾರಿನಲ್ಲಿ ಹಸಿರು ಮೊದಲು ಮೂಡುತ್ತದೆ. ನೆರಳಿನ ಮಡಿಕೆಗಳಲ್ಲಿ ಹಿಮದ ಬಿಳಿ ಪಟ್ಟಿಗಳು ವಾರಗಟ್ಟಲೆ ಉಳಿಯುತ್ತವೆ. ಮೊದಲ ದಿನ ಹಸಿರು ಎಲ್ಲಿಯವರೆಗೆ ಇತ್ತು ಎಂದು ಒಂದು ಬಂಡೆಯನ್ನೋ ಒಂಟಿ ಮರವನ್ನೋ ಗುರುತಿಟ್ಟುಕೊಳ್ಳಿ. ನಾಲ್ಕನೆಯ ದಿನ ಹೊರಡುವ ಮುಂಚೆ ಮತ್ತೆ ನೋಡಿ.

ಹುಲ್ಲು ಎಳೆಯದಾಗಿರುವ ಕೆಲವೇ ದಿನ

ಹಸಿರಿನ ಗೆರೆಗೆ ಪ್ರಾಣಿಗಳು ಇಷ್ಟು ಅಂಟಿಕೊಳ್ಳುವುದೇಕೆ? ಕಾರಣ ಮೆಲುಕು ಹಾಕುವ ಹೊಟ್ಟೆಯಲ್ಲಿದೆ. ಆಗತಾನೆ ಎದ್ದ ಹುಲ್ಲಿನಲ್ಲಿ ಪ್ರೋಟೀನ್ ಹೆಚ್ಚು, ನಾರು ಕಡಿಮೆ. ಬೇಗ ಜೀರ್ಣವಾಗುತ್ತದೆ, ಮತ್ತೆ ಬೇಗ ಮೇಯಬಹುದು. ಹುಲ್ಲು ಬಲಿತಂತೆ ನಾರು ಹೆಚ್ಚುತ್ತದೆ. ಆಗ ಅದೇ ಪ್ರಮಾಣದ ಹುಲ್ಲು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಸಿಗುವ ಸತ್ವ ಮಾತ್ರ ಕಡಿಮೆ. ತೀರಾ ಸಣ್ಣ ಚಿಗುರಾದರೂ ಕಷ್ಟವೇ, ಬಾಯಿ ತುಂಬುವಷ್ಟು ಸಿಗುವುದಿಲ್ಲ. ನಡುವಿನ ಆ ಹದ ಒಂದು ಜಾಗದಲ್ಲಿ ಕೆಲವೇ ದಿನ ಇರುತ್ತದೆ. ಆದರೆ ಬೆಟ್ಟದಲ್ಲಿ ಹದ ಮುಗಿದ ಜಾಗದ ಸ್ವಲ್ಪ ಮೇಲೆ ಇನ್ನೊಂದು ಜಾಗ ಹದಕ್ಕೆ ಬರುತ್ತಿರುತ್ತದೆ. ಹೀಗೆ ಮೇಲೇರುವ ಹಸಿರಿನ ಅಲೆಯ ಜೊತೆ ಏರುತ್ತಾ ಹೋದ ಪ್ರಾಣಿಗೆ ಕೆಲವೇ ದಿನದ ಹಬ್ಬ ತಿಂಗಳುಗಟ್ಟಲೆ ಸಿಗುತ್ತದೆ. ಎಲ್ಕ್‌ಗಳು ಮಾಡುವುದು ಇದನ್ನೇ.

ಬೈಸನ್ ಮಾತ್ರ ಒಂದು ಹಂತದಲ್ಲಿ ಈ ನಿಯಮವನ್ನು ಮುರಿಯುತ್ತದೆ. ಯೆಲ್ಲೊಸ್ಟೋನ್‌ನ ಬೈಸನ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಸಂತದ ಆರಂಭದಲ್ಲಿ ಅವು ಅಲೆಯ ಜೊತೆಗೇ ಹೊರಡುತ್ತವೆ, ಆಮೇಲೆ ಅಲೆ ಅವುಗಳನ್ನು ದಾಟಿ ಮೇಲೆ ಹೋದರೂ ಇವು ಅವಸರ ಪಡುವುದಿಲ್ಲ. ನೂರಾರು ಬೈಸನ್‌ಗಳು ಒಂದೇ ಬಯಲನ್ನು ಮತ್ತೆ ಮತ್ತೆ ಮೇಯುವುದರಿಂದ ಅಲ್ಲಿನ ಹುಲ್ಲಿಗೆ ಬಲಿಯಲು ಅವಕಾಶವೇ ಇರುವುದಿಲ್ಲ. ಕತ್ತರಿಸಿದಷ್ಟೂ ಚಿಗುರುತ್ತದೆ, ಸಗಣಿ ಮತ್ತು ಮೂತ್ರದ ಗೊಬ್ಬರವೂ ಸಿಗುತ್ತದೆ. ಎಲ್ಕ್ ವಸಂತವನ್ನು ಹಿಂಬಾಲಿಸಿದರೆ ಬೈಸನ್ ವಸಂತವನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ. ಲಾಮಾರ್ ಕಣಿವೆಯಲ್ಲಿ ಬೈಸನ್ ಹಿಂಡುಗಳು ತಿಂಗಳುಗಟ್ಟಲೆ ಕಾಣಸಿಗುವುದಕ್ಕೂ, ಅದೇ ಕಣಿವೆಯ ಎಲ್ಕ್‌ಗಳು ಜೂನ್ ಹೊತ್ತಿಗೆ ವಿರಳವಾಗುವುದಕ್ಕೂ ಇಲ್ಲಿ ಅರ್ಧ ವಿವರಣೆ ಇದೆ.

ಹೆಸರಿನ ಒಂದು ಗೊಂದಲ ಇಲ್ಲೇ ತೀರಿಸಿಬಿಡೋಣ. ನಮ್ಮ ಕಾಟಿಯನ್ನು ‘ಇಂಡಿಯನ್ ಬೈಸನ್’ ಎಂದು ಕರೆಯುವ ಹಳೆಯ ರೂಢಿಯಿಂದಾಗಿ ಎರಡೂ ಒಂದೇ ಎಂದು ಅನೇಕರು ಭಾವಿಸುತ್ತಾರೆ. ದನದ ಕುಟುಂಬಕ್ಕೆ ಸೇರಿದ ಬೇರೆ ಬೇರೆ ಪ್ರಾಣಿಗಳು ಅವು. ಎಲ್ಕ್ ಎಂದರೆ ದೊಡ್ಡ ಜಾತಿಯ ಜಿಂಕೆ, ನಮ್ಮ ಕಡವೆಯನ್ನು ಇನ್ನಷ್ಟು ಬೆಳೆಸಿದಂತೆ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್ ಎಂಬ ಇನ್ನೊಂದು ಜಾತಿಯ ಜಿಂಕೆ. ಈ ಹೆಸರುಗಳನ್ನು ಇಟ್ಟವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಎರಡು ಬಗೆಯ ತಾಯ್ತನ

ಮರಿಗೆ ಹಾಲೂಡುವ ಕಾಲದಲ್ಲಿ ತಾಯಿಗೆ ಆಹಾರ ಎಲ್ಲಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಹೆರಿಗೆ ಎಳೆಹುಲ್ಲಿನ ಕಾಲಕ್ಕೆ ಸರಿಯಾಗಿ ಬೀಳುವಂತೆ ಇಡೀ ವರ್ಷದ ಲೆಕ್ಕಾಚಾರ ನಡೆದಿರುತ್ತದೆ. ಬೈಸನ್‌ಗಳು ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಕೂಡುತ್ತವೆ. ಗರ್ಭ ಒಂಬತ್ತು ತಿಂಗಳಿಗೂ ತುಸು ಹೆಚ್ಚು. ಕರುಗಳು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಎಲ್ಕ್ ಕೂಡುವುದು ಸೆಪ್ಟೆಂಬರ್ ಸುಮಾರಿಗೆ, ಈಯುವುದು ಮೇ ನಡುವಿನಿಂದ ಜೂನ್ ಕೊನೆಯವರೆಗೆ. ತೋಳಗಳು ಫೆಬ್ರವರಿಯಲ್ಲಿ ಕೂಡಿ, 63 ದಿನಗಳ ಗರ್ಭದ ನಂತರ ಏಪ್ರಿಲ್ ನಡುವೆ ಮರಿ ಹಾಕುತ್ತವೆ. ತೋಳದ ಮರಿಗಳು ಹಾಲಿನಿಂದ ಮಾಂಸಕ್ಕೆ ಹೊರಳುವ ಹೊತ್ತಿಗೆ ಸರಿಯಾಗಿ ಎಲ್ಕ್ ಕರುಗಳು ನೆಲಕ್ಕೆ ಬೀಳುತ್ತಿರುತ್ತವೆ. ಇದು ಕ್ರೂರವಾಗಿ ಕೇಳಿಸಿದರೆ, ಎಲ್ಕ್‌ಗಳ ಲೆಕ್ಕವನ್ನೂ ಕೇಳಬೇಕು. ಹೆಚ್ಚಿನ ಕರುಗಳು ಕೆಲವೇ ವಾರಗಳ ಅವಧಿಯಲ್ಲಿ ಒಟ್ಟಿಗೆ ಹುಟ್ಟುವುದರಿಂದ ಬೇಟೆಗಾರ ಪ್ರಾಣಿಗಳಿಗೆ ಎಲ್ಲವನ್ನೂ ತಿಂದು ಮುಗಿಸಲು ಆಗುವುದಿಲ್ಲ. ವರ್ಷವಿಡೀ ಒಂದೊಂದಾಗಿ ಹುಟ್ಟಿದ್ದರೆ ಒಂದೂ ಉಳಿಯುವುದು ಕಷ್ಟವಿತ್ತು.

ಹುಟ್ಟಿದ ಕರುವನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಎಲ್ಕ್ ಮತ್ತು ಬೈಸನ್ ತೀರ ಬೇರೆ ದಾರಿ ಹಿಡಿದಿವೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಉಳಿಯುವವರು ಬೇರೇನನ್ನು ಮರೆತರೂ ಈ ವ್ಯತ್ಯಾಸವನ್ನು ಮರೆಯಬಾರದು.

ಬೈಸನ್ ಕರು ಹಿಂಬಾಲಿಸುವ ಜಾತಿಯದು. ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ತಾಯಿಯ ಪಕ್ಕದಲ್ಲಿ ನಡೆಯುತ್ತದೆ. ಹಿಂಡೇ ಅದರ ಕೋಟೆ. ಮೈಬಣ್ಣ ಕಿತ್ತಳೆಗೆಂಪು, ಅಲ್ಲಿನವರು ಅವುಗಳನ್ನು ಪ್ರೀತಿಯಿಂದ ‘ಕೆಂಪು ನಾಯಿಗಳು’ ಎನ್ನುತ್ತಾರೆ. ಅಡಗುವ ಉದ್ದೇಶವೇ ಇಲ್ಲದ ಕಾರಣ ಅಷ್ಟು ಎದ್ದು ಕಾಣುವ ಬಣ್ಣದಿಂದ ಅದಕ್ಕೆ ನಷ್ಟವಿಲ್ಲ. ಎಲ್ಕ್ ಕರು ಅಡಗುವ ಜಾತಿಯದು. ಮೈಮೇಲೆ ಚುಕ್ಕೆ, ವಾಸನೆ ತೀರಾ ಕಡಿಮೆ. ಮೊದಲ ದಿನಗಳಲ್ಲಿ ಅದು ಪೊದೆಯ ಬುಡದಲ್ಲಿ ಕತ್ತು ಚಾಚಿ, ನೆಲಕ್ಕೆ ಅಂಟಿದಂತೆ ಮಲಗಿರುತ್ತದೆ. ತಾಯಿ ಬೇಕೆಂದೇ ದೂರದಲ್ಲಿ ಮೇಯುತ್ತದೆ, ಯಾಕೆಂದರೆ ದೊಡ್ಡ ಮೈಯ ತಾಯಿ ಪಕ್ಕದಲ್ಲಿ ನಿಂತರೆ ಅಡಗಿದ ಮರಿಯ ಗುಟ್ಟು ರಟ್ಟಾಗುತ್ತದೆ. ಹಾಲೂಡಲು ಮಾತ್ರ ಬಂದು ಹೋಗುತ್ತದೆ.

ಹಾಗಾಗಿ ಒಂಟಿಯಾಗಿ ಬಿದ್ದಿರುವ ಎಲ್ಕ್ ಕರು ಅನಾಥವಲ್ಲ. ಅದರ ತಾಯಿ ಎಲ್ಲಿಂದಲೋ ನಿಮ್ಮನ್ನು ನೋಡುತ್ತಿದೆ. ಮ್ಯಾಮತ್ ಸುತ್ತಮುತ್ತ ಎಲ್ಕ್‌ಗಳು ಕಟ್ಟಡಗಳ ಮೂಲೆಯಲ್ಲಿ, ನಿಲ್ಲಿಸಿದ ಕಾರುಗಳ ಬಳಿ ಕರುಗಳನ್ನು ಅಡಗಿಸುವುದುಂಟು. ಮೂಲೆ ತಿರುಗಿದ ಕೂಡಲೇ ಹೆಣ್ಣು ಎಲ್ಕ್ ಮೇಲೆರಗಿ ಮುಂಗಾಲಿನಿಂದ ಒದ್ದ ಪ್ರಸಂಗಗಳು ಮೇ-ಜೂನ್‌ನಲ್ಲಿ ನಡೆಯುತ್ತವೆ. ಕೊಂಬಿಲ್ಲದ ಪ್ರಾಣಿ ಸಾಧು ಎಂಬ ನಮ್ಮ ತರ್ಕ ಅಲ್ಲಿ ಕೈಕೊಡುತ್ತದೆ. ಬೆಳಿಗ್ಗೆ ಶೌಚಾಲಯಕ್ಕೆ ಹೋಗುವಾಗ ಗೋಡೆಯ ಅಂಚಿನಿಂದ ಸ್ವಲ್ಪ ದೂರ ಸರಿದು, ಅಗಲವಾಗಿ ತಿರುಗಿಕೊಳ್ಳುವುದು ಅಲ್ಲಿನ ಒಳ್ಳೆಯ ಅಭ್ಯಾಸ.

2016ರ ಮೇ ತಿಂಗಳಲ್ಲಿ ಪ್ರವಾಸಿಗರು ಒಂದು ಬೈಸನ್ ಕರುವಿಗೆ ಚಳಿಯಾಗುತ್ತಿದೆ ಎಂದು ಮರುಗಿ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. 2023ರ ಮೇ ತಿಂಗಳಲ್ಲಿ ಲಾಮಾರ್ ನದಿ ದಾಟುವಾಗ ಹಿಂದುಳಿದ ಕರುವನ್ನು ಒಬ್ಬ ವ್ಯಕ್ತಿ ದಡಕ್ಕೆ ತಳ್ಳಿದ. ಎರಡೂ ಸಲ ಸಿಬ್ಬಂದಿ ಕರುವನ್ನು ಹಿಂಡಿಗೆ ಸೇರಿಸಲು ಯತ್ನಿಸಿದರು, ಎರಡೂ ಸಲ ಹಿಂಡು ಸೇರಿಸಿಕೊಳ್ಳಲಿಲ್ಲ. ಕರುಗಳು ಮನುಷ್ಯರ, ವಾಹನಗಳ ಹಿಂದೆಯೇ ಬರತೊಡಗಿದವು. ಹಿಂಬಾಲಿಸುವುದೇ ಅವುಗಳಿಗೆ ಹುಟ್ಟಿನಿಂದ ಬಂದ ಪಾಠ ತಾನೆ. ಕೊನೆಗೆ ಎರಡನ್ನೂ ಕೊಲ್ಲಬೇಕಾಯಿತು. ಮರುಕ ಸುಳ್ಳಾಗಿರಲಿಲ್ಲ, ಆದರೆ ಆ ಮರಿ ಬದುಕುವ ರೀತಿ ಅವರಿಗೆ ತಿಳಿದಿರಲಿಲ್ಲ.

ಕರಡಿಯ ಹಸಿವಿನ ದಿನಚರಿ

ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯ ಗಂಡುಗಳು ಗವಿಗಳಿಂದ ಹೊರಬರುವುದು ಮಾರ್ಚ್‌ನಲ್ಲಿ. ಮರಿಗಳಿರುವ ತಾಯಂದಿರು ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದವರೆಗೆ ತಡ ಮಾಡುತ್ತವೆ. ಸುಮಾರು ಐದು ತಿಂಗಳು ಅವು ತಿಂದಿಲ್ಲ, ಕುಡಿದಿಲ್ಲ, ಮಲಮೂತ್ರ ವಿಸರ್ಜಿಸಿಲ್ಲ. ತಾಯಿ ಕರಡಿಯ ವಿಷಯ ಇನ್ನೂ ವಿಚಿತ್ರ. ಅದು ಕೂಡುವುದು ಮೇ-ಜುಲೈ ನಡುವೆ, ಆದರೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿ ಬೆಳೆಯತೊಡಗುವುದು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ತಾಯಿಯ ಮೈಯಲ್ಲಿ ಕೊಬ್ಬು ಸಾಲದಿದ್ದರೆ ಗರ್ಭ ಮುಂದುವರಿಯುವುದಿಲ್ಲ. ಸಾಕಷ್ಟಿದ್ದರೆ ಜನವರಿ-ಫೆಬ್ರವರಿಯಲ್ಲಿ ಗವಿಯೊಳಗೇ ಮರಿ ಹುಟ್ಟಿ, ಹೊರಗೆ ಹಿಮ ಸುರಿಯುತ್ತಿರುವಾಗ ಹಾಲು ಕುಡಿದು ಬೆಳೆಯುತ್ತದೆ. ಮೇ ತಿಂಗಳಲ್ಲಿ ದುರ್ಬೀನಿನಲ್ಲಿ ಕಾಣುವ ಉಣ್ಣೆಯ ಚೆಂಡಿನಂಥ ಮರಿಗೆ ಆಗಲೇ ಮೂರು-ನಾಲ್ಕು ತಿಂಗಳು.

ಮಾರ್ಚ್‌ನಲ್ಲಿ ಎದ್ದ ಗಂಡು ಕರಡಿಗೆ ಹುಲ್ಲೂ ಇಲ್ಲ, ಹಣ್ಣೂ ಇಲ್ಲ. ಅದರ ಮೊದಲ ಊಟ ಚಳಿಗಾಲದಲ್ಲಿ ಸತ್ತ ಎಲ್ಕ್ ಮತ್ತು ಬೈಸನ್. ಹಿಮ ಕರಗಿದಂತೆ ಕಳೇಬರಗಳು ಹೊರಗೆ ಕಾಣುತ್ತವೆ. ಹೀಗಾಗಿ ವಸಂತದ ಆರಂಭದಲ್ಲಿ ಕರಡಿ ನೋಡಬೇಕಿದ್ದರೆ ಮೊದಲು ಕಾಗೆ ಜಾತಿಯ ಹಕ್ಕಿಗಳನ್ನು ನೋಡಬೇಕು. ಬಯಲಿನ ಒಂದು ಮೂಲೆಯಲ್ಲಿ ರೇವನ್‌ಗಳು ಇಳಿಯುವುದು, ಏಳುವುದು, ಮತ್ತೆ ಅಲ್ಲೇ ಇಳಿಯುವುದು ಕಂಡರೆ ಅಲ್ಲಿ ಕಳೇಬರವಿದೆ ಎಂದೇ ಅರ್ಥ. ಮ್ಯಾಗ್‌ಪೈ, ಬೋಳುತಲೆ ಹದ್ದು, ಕಯೋಟಿ ಎಂಬ ಚಿಕ್ಕ ತೋಳದಂಥ ಪ್ರಾಣಿ, ತೋಳಗಳು ಅಲ್ಲಿಗೆ ಸರದಿಯಲ್ಲಿ ಬರುತ್ತವೆ. ಗ್ರಿಜ್ಲಿ ಬಂದಾಗ ಸರದಿ ಮುರಿಯುತ್ತದೆ. ತೋಳದ ಹಿಂಡು ಕಷ್ಟಪಟ್ಟು ಕೆಡವಿದ ಬೇಟೆಯನ್ನು ಒಂದೇ ಒಂದು ದೊಡ್ಡ ಗಂಡು ಗ್ರಿಜ್ಲಿ ಕಿತ್ತುಕೊಂಡು ಅದರ ಮೇಲೇ ಮಲಗಿಬಿಡುವುದುಂಟು. ಇದೇ ಕಾರಣಕ್ಕೆ, ಕಾಡುದಾರಿಯಲ್ಲಿ ನಡೆಯುವಾಗ ಕೊಳೆತ ವಾಸನೆ ಬಂದರೆ, ಹಕ್ಕಿಗಳು ಗುಂಪುಗೂಡಿದ್ದರೆ, ಬಂದ ದಾರಿಯಲ್ಲೇ ಹಿಂತಿರುಗಬೇಕು. ರಸ್ತೆಯ ಬದಿಯಿಂದ ದೂರಕ್ಕೆ ನೋಡುವಾಗ ಶುಭಸೂಚನೆಯಾದದ್ದು ಕಾಲ್ನಡಿಗೆಯಲ್ಲಿ ಅಪಾಯಸೂಚನೆ.

ಮೇ ನಡುವಿನಿಂದ ಜುಲೈ ನಡುವಿನವರೆಗೆ ಕರಡಿಯ ಗಮನ ಎಲ್ಕ್ ಕರುಗಳ ಕಡೆ. ಪೊದೆಗಳ ನಡುವೆ ಹಾವಿನ ಹೆಜ್ಜೆಯಂತೆ ಅಂಕುಡೊಂಕಾಗಿ, ಮೂಗು ನೆಲಕ್ಕಿಟ್ಟು ಅಲೆಯುವ ಗ್ರಿಜ್ಲಿ ಅಡಗಿದ ಕರುಗಳನ್ನು ಹುಡುಕುತ್ತಿರುತ್ತದೆ. ಇದರಲ್ಲಿ ಮನುಷ್ಯರ ಕೈವಾಡವೂ ಸ್ವಲ್ಪ ಇದೆ. ಯೆಲ್ಲೊಸ್ಟೋನ್ ಸರೋವರದ ಕಟ್‌ತ್ರೋಟ್ ಟ್ರೌಟ್ ಮೀನುಗಳು ವಸಂತದಲ್ಲಿ ಮೊಟ್ಟೆಯಿಡಲು ತೊರೆಗಳಿಗೆ ಏರುತ್ತಿದ್ದವು; ಕರಡಿಗಳಿಗೆ ಅದು ಸುಲಭದ ಊಟ. ಯಾರೋ ತಂದು ಬಿಟ್ಟ ಲೇಕ್ ಟ್ರೌಟ್ ಎಂಬ ಪರಕೀಯ ಮೀನು ಆ ಸರೋವರದಲ್ಲಿರುವುದು 1994ರಲ್ಲಿ ಪತ್ತೆಯಾಯಿತು. ಅದು ಕಟ್‌ತ್ರೋಟ್‌ಗಳನ್ನು ತಿನ್ನುತ್ತದೆ, ತಾನು ಮಾತ್ರ ಆಳದ ನೀರಿನಲ್ಲೇ ಇದ್ದು ಕರಡಿಗೆ ಸಿಗುವುದಿಲ್ಲ. ಮೀನು ತಗ್ಗಿದಾಗ ಆ ಭಾಗದ ಕರಡಿಗಳ ಊಟದಲ್ಲಿ ಎಲ್ಕ್ ಕರುಗಳ ಪಾಲು ಹೆಚ್ಚಿತು. ಸರೋವರದ ತಳದಲ್ಲಿ ಆದ ಬದಲಾವಣೆ ಬೆಟ್ಟದ ಹುಲ್ಲುಗಾವಲಿನ ಕರುವಿನವರೆಗೆ ಬಂದು ಮುಟ್ಟಿದ್ದು ಹೀಗೆ.

ಕರಡಿ ಯಾವುದು ಎಂದು ಬಣ್ಣದಿಂದ ತೀರ್ಮಾನಿಸಬೇಡಿ. ‘ಕಪ್ಪು ಕರಡಿ’ ಕಂದು ಬಣ್ಣದ್ದೂ ಇರುತ್ತದೆ, ದಾಲ್ಚಿನ್ನಿ ಬಣ್ಣದ್ದೂ ಇರುತ್ತದೆ. ಭುಜದ ಮೇಲೆ ಉಬ್ಬು, ತಟ್ಟೆಯಂತೆ ಒಳಬಾಗಿದ ಮುಖ, ಚಿಕ್ಕ ದುಂಡು ಕಿವಿ ಇದ್ದರೆ ಗ್ರಿಜ್ಲಿ. ಉಬ್ಬಿಲ್ಲದ ಬೆನ್ನು, ನೇರ ಮೂತಿ, ಎದ್ದು ಕಾಣುವ ಕಿವಿ ಇದ್ದರೆ ಕಪ್ಪು ಕರಡಿ. ಆ ಉಬ್ಬು ನೆಲ ಅಗೆಯಲು ಬೆಳೆದ ಸ್ನಾಯು. ಬೇರು, ಗೆಡ್ಡೆ, ಇಲಿಗಳ ಬಿಲ ಎಲ್ಲವೂ ಗ್ರಿಜ್ಲಿಯ ವಸಂತದ ಊಟದ ಪಟ್ಟಿಯಲ್ಲಿವೆ.

ಡೇರೆಯೊಳಗೆ ಏನು ಇರಬಾರದು

ಒಂದು ಕಾಲದಲ್ಲಿ ಯೆಲ್ಲೊಸ್ಟೋನ್‌ನಲ್ಲಿ ಕರಡಿ ನೋಡುವುದೆಂದರೆ ಕಸದ ಗುಂಡಿಯ ಮುಂದೆ ಹಾಕಿದ ಬೆಂಚುಗಳ ಮೇಲೆ ಕೂರುವುದಾಗಿತ್ತು. ಹೋಟೆಲಿನ ಎಂಜಲು ಸುರಿಯುತ್ತಿದ್ದರು, ಗ್ರಿಜ್ಲಿಗಳು ಬರುತ್ತಿದ್ದವು, ಜನ ಸಾಲಾಗಿ ಕುಳಿತು ನೋಡುತ್ತಿದ್ದರು. ರಸ್ತೆಯ ಬದಿಯಲ್ಲಿ ಕಪ್ಪು ಕರಡಿಗಳು ಕಾರಿನ ಕಿಟಕಿಗೆ ಕೈಯಿಟ್ಟು ತಿಂಡಿ ಬೇಡುತ್ತಿದ್ದವು. ಗಾಯಗೊಳ್ಳುವವರ ಸಂಖ್ಯೆ ಹೆಚ್ಚಿತ್ತು, ಅದಕ್ಕಾಗಿ ಕೊಲ್ಲಲ್ಪಡುವ ಕರಡಿಗಳೂ ಹೆಚ್ಚಿದ್ದವು. ಗುಂಡಿಗಳನ್ನೆಲ್ಲ 1970ರ ಹೊತ್ತಿಗೆ ಮುಚ್ಚಲಾಯಿತು. ಇಂದಿನ ಕ್ಯಾಂಪ್‌ಗ್ರೌಂಡ್ ನಿಯಮಗಳೆಲ್ಲ ಆ ದಿನಗಳಿಂದ ಕಲಿತವು. ಮನುಷ್ಯನ ಆಹಾರದ ರುಚಿ ಒಮ್ಮೆ ಹತ್ತಿದ ಕರಡಿ ಡೇರೆಯನ್ನು ಅಡುಗೆಮನೆ ಎಂದೇ ತಿಳಿಯುತ್ತದೆ.

ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರಡಿ ತೆರೆಯಲಾಗದ ಲೋಹದ ಪೆಟ್ಟಿಗೆಗಳಿವೆ. ಆಹಾರ ಅದರೊಳಗೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಜನ ಮರೆಯುವುದು ಟೂತ್‌ಪೇಸ್ಟ್, ಸಾಬೂನು, ತುಟಿಗೆ ಹಚ್ಚುವ ಮುಲಾಮು, ತೊಳೆಯದ ಲೋಟ, ನಾಯಿಯ ಊಟ, ಖಾಲಿ ಚಿಪ್ಸ್ ಪೊಟ್ಟಣ. ಕರಡಿಯ ಮೂಗು ‘ತಿನ್ನುವ ವಸ್ತು’, ‘ಹಚ್ಚುವ ವಸ್ತು’ ಎಂದು ವಿಂಗಡಿಸುವುದಿಲ್ಲ. ವಾಸನೆ ಇರುವುದೆಲ್ಲ ಪೆಟ್ಟಿಗೆಗೆ, ಅಥವಾ ಕಿಟಕಿ ಮುಚ್ಚಿ ಬೀಗ ಹಾಕಿದ ಗಟ್ಟಿ ಮೈಯ ವಾಹನಕ್ಕೆ. ಫಿಶಿಂಗ್ ಬ್ರಿಡ್ಜ್ ಎಂಬಲ್ಲಿ ಕರಡಿಗಳ ಓಡಾಟ ಹೆಚ್ಚಿರುವ ಕಾರಣ ಬಟ್ಟೆಯ ಡೇರೆಗೆ ಅನುಮತಿಯೇ ಇಲ್ಲ, ಗಟ್ಟಿ ಗೋಡೆಯ ವಾಹನಗಳು ಮಾತ್ರ.

ಕರಡಿಗೆಂದೇ ಮಾಡಿದ ಖಾರದ ಸ್ಪ್ರೇ ಜೊತೆಗಿರಲಿ, ಆದರೆ ಬಳಸುವ ಬಗೆ ಗೊತ್ತಿರಲಿ. ಅದು ಮೇಲೆರಗಿ ಬರುವ ಕರಡಿಯ ಮುಂದೆ ಹಬ್ಬಿಸುವ ಮೋಡ. ಸೊಳ್ಳೆ ಔಷಧದಂತೆ ಡೇರೆಗೋ ಮಕ್ಕಳಿಗೋ ಮೊದಲೇ ಹೊಡೆಯುವ ವಸ್ತುವಲ್ಲ. ಹಾಗೆ ಹೊಡೆದವರಿದ್ದಾರೆ, ಅದಕ್ಕೇ ಹೇಳಬೇಕಾಗಿದೆ.

ರೇವನ್‌ಗಳ ಬಗ್ಗೆಯೂ ಒಂದು ಮಾತು. ಅವು ಚೀಲದ ಜಿಪ್ ಎಳೆದು ತೆರೆಯುವುದನ್ನು ಕಲಿತಿವೆ.

ಕತ್ತಲು ಹರಿಯುವ ಹೊತ್ತು

ಮುಂಜಾನೆ ಮತ್ತು ಮುಸ್ಸಂಜೆ ಪ್ರಾಣಿ ನೋಡುವ ಹೊತ್ತು ಎಂಬ ಸಲಹೆ ಎಲ್ಲರಿಗೂ ಗೊತ್ತು. ಅದಕ್ಕೆ ಪ್ರಾಣಿಗಳ ಅಭ್ಯಾಸದಷ್ಟೇ ಗಾಳಿಯೂ ಕಾರಣ. ಬಿಸಿಲು ಏರಿದ ಮೇಲೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ನಡುಗತೊಡಗುತ್ತದೆ. ಎರಡು ಕಿಲೊಮೀಟರ್ ದೂರದ ತೋಳ ಆಗ ಎಷ್ಟು ಒಳ್ಳೆಯ ದೂರದರ್ಶಕದಲ್ಲೂ ನೀರಿನಲ್ಲಿ ಕದಡಿದ ಶಾಯಿಯಂತೆ ಕಾಣುತ್ತದೆ. ಬೆಳಗಿನ ತಣ್ಣನೆಯ ಗಾಳಿ ಸ್ಥಿರವಾಗಿರುತ್ತದೆ. ಮ್ಯಾಮತ್‌ನಿಂದ ಟವರ್ ಕೂಡುರಸ್ತೆಗೆ 29 ಕಿಲೊಮೀಟರ್, ಲಾಮಾರ್ ಕಣಿವೆ ಅದರಾಚೆ; ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕಾದರೆ ಕತ್ತಲಲ್ಲೇ ಡೇರೆ ಬಿಡಬೇಕು. ರಸ್ತೆಯ ಮೇಲೆ ಕಪ್ಪು ಬೈಸನ್ ನಿಂತಿರಬಹುದು, ಅದರ ಕಣ್ಣು ಜಿಂಕೆಯ ಕಣ್ಣಿನಷ್ಟು ಹೊಳೆಯುವುದೂ ಇಲ್ಲ. ನಿಧಾನವಾಗಿ ಹೋಗಿ.

ಬೈನಾಕ್ಯುಲರ್ ಕೊಳ್ಳುವಾಗ ಅದರ ಮೇಲೆ ಬರೆದಿರುವ 8×42, 10×42 ಎಂಬ ಅಂಕಿಗಳ ಅರ್ಥ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 8×42ರಲ್ಲಿ ಅದು 5 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಜೇಬಿನಲ್ಲಿ ಹಿಡಿಯುವ 10×25ರಲ್ಲಿ ಎರಡೂವರೆ. ಮಸುಕು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡಿರುತ್ತದೆ. ಅದಕ್ಕೆ ಎರಡೂವರೆ ಮಿಲಿಮೀಟರಿನ ಬೆಳಕು ಕೊಟ್ಟರೆ ಚಿತ್ರ ಕಪ್ಪಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಎಂಟು ಪಟ್ಟು ಸಾಕು. ಹತ್ತು ಪಟ್ಟಿನಲ್ಲಿ ಪ್ರಾಣಿಯ ಜೊತೆ ನಮ್ಮ ಕೈನಡುಕವೂ ಹತ್ತು ಪಟ್ಟಾಗುತ್ತದೆ, ಬೆಳಗಿನ ಚಳಿಯಲ್ಲಿ ಕೈನಡುಕಕ್ಕೆ ಬರವಿಲ್ಲ.

ಲಾಮಾರ್‌ನಲ್ಲಿ ಇವತ್ತು ತೋಳ ಕಾಣುವುದೇ ಒಂದು ಚಿಕ್ಕ ಚರಿತ್ರೆ. 1926ರ ಹೊತ್ತಿಗೆ ಉದ್ಯಾನದ ತೋಳಗಳನ್ನೆಲ್ಲ ಕೊಂದು ಮುಗಿಸಲಾಗಿತ್ತು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಈಗಿನ ಹಿಂಡುಗಳು ಅವುಗಳ ಸಂತತಿ. ಬೈಸನ್‌ನದೂ ಅಂಥದೇ ಕಥೆ, 1902ರಲ್ಲಿ ಇಲ್ಲಿ ಉಳಿದದ್ದು ಎರಡು ಡಜನ್‌ನಷ್ಟು ಮಾತ್ರ.

ದೂರದ ನಿಯಮ ಸರಳ. ಕರಡಿ, ತೋಳ ಮತ್ತು ಕೂಗರ್ ಎಂಬ ದೊಡ್ಡ ಕಾಡುಬೆಕ್ಕಿನಿಂದ ಕನಿಷ್ಠ 91 ಮೀಟರ್. ಬೈಸನ್, ಎಲ್ಕ್ ಸೇರಿ ಉಳಿದ ಎಲ್ಲ ಪ್ರಾಣಿಗಳಿಂದ ಕನಿಷ್ಠ 23 ಮೀಟರ್. ಅಳೆಯಲು ಟೇಪು ಬೇಡ. ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ. ಪ್ರಾಣಿ ಹೆಬ್ಬೆರಳಿನ ಹಿಂದೆ ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರವಿದ್ದೀರಿ. ಯೆಲ್ಲೊಸ್ಟೋನ್‌ನಲ್ಲಿ ಬೇರೆ ಯಾವ ಪ್ರಾಣಿಗಿಂತಲೂ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಬೈಸನ್, ಕರಡಿಯಲ್ಲ. ಸಾಕಿದ ಎಮ್ಮೆಯಂತೆ ಮೆಲುಕು ಹಾಕುತ್ತಾ ಕೂತಿರುವ ಅದು ಗಂಟೆಗೆ 55 ಕಿಲೊಮೀಟರ್ ವೇಗದಲ್ಲಿ ಓಡಬಲ್ಲದು. ಬಾಲ ಮೇಲೆತ್ತಿತು, ತಲೆ ಕುಣಿಸಿತು, ಕಾಲಿನಿಂದ ಮಣ್ಣು ಕೆದರಿತು ಎಂದರೆ ಮಾತು ಮುಗಿಯಿತು, ಹಿಂದೆ ಸರಿಯಿರಿ. ಅದು ಡೇರೆಗಳ ನಡುವೆಯೇ ಬಂದರೂ ಜಾಗ ಬಿಡಬೇಕಾದವರು ನಾವೇ. ಡ್ರೋನ್ ತರಬೇಡಿ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಅದಕ್ಕೆ ನಿಷೇಧವಿದೆ. ಎಲ್ಕ್‌ಗಳು ವಸಂತದಲ್ಲಿ ಉದುರಿಸಿದ ಕೊಂಬು ಸಿಕ್ಕರೆ ನೋಡಿ, ಮುಟ್ಟಿ, ಅಲ್ಲೇ ಬಿಡಿ. ಎತ್ತಿಕೊಂಡು ಹೋಗುವುದು ಅಪರಾಧ.

ಕಣ್ಣು ಮುಚ್ಚಿ ನೋಡುವುದು

ಮೇ ತಿಂಗಳಲ್ಲೂ ರಾತ್ರಿ ನೀರು ಹೆಪ್ಪುಗಟ್ಟಬಹುದು, ಹಿಮವೂ ಬೀಳಬಹುದು. ನಿದ್ದೆ ಬಾರದ ಅಂಥ ರಾತ್ರಿಗಳಿಗೂ ಒಂದು ಉಪಯೋಗವಿದೆ: ಡೇರೆಯ ಬಟ್ಟೆ ಬೆಳಕನ್ನು ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ.

ಹಿಮ ಕರಗಿದ ನೀರು ನಿಂತ ಹೊಂಡಗಳ ಹತ್ತಿರ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂಥ ಸದ್ದು ಕೇಳಿದರೆ ಅದು ಬೋರಿಯಲ್ ಕೋರಸ್ ಕಪ್ಪೆ. ಹೆಬ್ಬೆರಳಿಗಿಂತ ದೊಡ್ಡದಿರದ ಆ ಜೀವಿಯ ಗಂಟಲಿಗೆ ಇಡೀ ಹುಲ್ಲುಗಾವಲು ಸಾಲುವುದಿಲ್ಲ. ಕತ್ತಲ ಆಕಾಶದಲ್ಲಿ ‘ಹುಹುಹುಹು’ ಎಂದು ಏರಿ ಇಳಿಯುವ ಸದ್ದು ಗೂಬೆಯದಲ್ಲ. ಅದು ಸ್ನೈಪ್ ಎಂಬ ಕೆಸರುಹಕ್ಕಿ. ಎತ್ತರದಿಂದ ಧುಮುಕುವಾಗ ಬಾಲದ ಅಂಚಿನ ಗರಿಗಳು ಗಾಳಿಗೆ ಕಂಪಿಸಿ ಆ ಸ್ವರ ಹೊರಡುತ್ತದೆ. ಬಾಯಲ್ಲಿ ಹಾಡದೆ ಬಾಲದಲ್ಲಿ ಹಾಡುವ ಹಕ್ಕಿ. ಬೆಳಗಿನ ಜಾವ ಕಹಳೆಯಂತೆ ಉರುಳುರುಳಾಗಿ ಬರುವುದು ಸ್ಯಾಂಡ್‌ಹಿಲ್ ಕೊಕ್ಕರೆಗಳ ಕರೆ. ಅವುಗಳ ಶ್ವಾಸನಾಳ ಎದೆಮೂಳೆಯೊಳಗೆ ಸುರುಳಿ ಸುತ್ತಿಕೊಂಡಿರುವುದರಿಂದ ದನಿಗೆ ಆ ತುತ್ತೂರಿಯ ಗುಣ. ಹತ್ತಿರದಲ್ಲೇ ಕಯೋಟಿಗಳು ಊಳಿಟ್ಟರೆ ಎರಡೇ ಪ್ರಾಣಿಗಳು ಹತ್ತರಂತೆ ಕೇಳಿಸುತ್ತವೆ. ತೋಳದ ಊಳು ಇನ್ನೂ ತಗ್ಗಿನ ಸ್ವರದ್ದು, ದೀರ್ಘವಾದದ್ದು, ಅವಸರವಿಲ್ಲದ್ದು.

ಹಗಲಲ್ಲಿ ಡೇರೆಯ ಸುತ್ತ ಬಿಲದ ಬಾಯಲ್ಲಿ ಗೂಟದಂತೆ ನಿಂತು ಸಿಳ್ಳು ಹಾಕುವ ಯುಇಂಟಾ ನೆಲದಳಿಲುಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ವಸಂತದ ಆರಂಭದಲ್ಲೇ ಅವು ಮೇಲೆ ಬರುತ್ತವೆ, ಕೂಡುತ್ತವೆ, ಮರಿ ಮಾಡುತ್ತವೆ, ಎಳೆಹುಲ್ಲು ತಿಂದು ದಪ್ಪವಾಗುತ್ತವೆ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮ್ಯಾಮತ್‌ನ ಹುಲ್ಲು ಒಣಗಿ ಹಳದಿಯಾದಾಗ ದೊಡ್ಡವು ಮತ್ತೆ ನೆಲದೊಳಗೆ ಹೋಗಿ ಮಲಗುತ್ತವೆ. ಪ್ರವಾಸಿಗರ ದಟ್ಟಣೆ ಆಗ ಹೆಚ್ಚು. ಎಲ್ಕ್‌ಗಳು ಎಲ್ಲಿ ಹೋದವು ಎಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ಜನ ಕೇಳುತ್ತಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸಾವಿರ ಮೀಟರಿನಷ್ಟು ಮೇಲೆ, ಹಿಮದ ಕೊನೆಯ ತೇಪೆಗಳ ಅಂಚಿನಲ್ಲಿ, ಜುಲೈ ತಿಂಗಳಲ್ಲಿ ಮೇ ತಿಂಗಳ ಹುಲ್ಲು ಮೇಯುತ್ತಿರುತ್ತವೆ.